ಸೋಸಿದಾಗ ಉಳಿದ 39 ತಾಲ್ಲೂಕು
ಸಾಲುಗಳು 175, ಅಂಕಣಗಳು 35. ಇಷ್ಟು ದೊಡ್ಡ ಪಟ್ಟಿ ಯಾರು ಓದ್ತಾರೆ?

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ ಆಗಿನ 175 ತಾಲ್ಲೂಕುಗಳ 35 ಸೂಚಕಗಳನ್ನ ಸೇರಿಸಿ ತಾಲ್ಲೂಕಿಗೆ ಒಂದೇ ಸೂಚ್ಯಂಕ ಲೆಕ್ಕ ಹಾಕಿತು. ರಾಜ್ಯದ ಸರಾಸರಿ 1. ಈಗ 0.80ಕ್ಕಿಂತ ಕಡಿಮೆ ಇರೋದನ್ನ ಮಾತ್ರ ಸೋಸಿ: 39 ತಾಲ್ಲೂಕು ಉಳಿಯುತ್ತವೆ, ಅತ್ಯಂತ ಹಿಂದುಳಿದವು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಎರಡೂ ಅಲ್ಲಿವೆ. ಅದೇ ಜಿಲ್ಲೆಯ ರಾಯಚೂರು ತಾಲ್ಲೂಕು ಇಲ್ಲ. ಜಿಲ್ಲೆಗೊಂದೇ ಅಂಕಿ ಇಟ್ಟಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗ್ತಿತ್ತು.

ವೆಬ್ ಅನಲಿಟಿಕ್ಸ್‌ನಲ್ಲೂ ಹೀಗೆ ಸೋಸೋದೇ ಕೆಲಸ. ಆನ್‌ಲೈನ್ ಅಂಗಡಿಗೆ ಯಾವ ಊರಿಂದ ಎಷ್ಟು ಭೇಟಿ ಅಂತ ಬರೀ ಎಣಿಸಿದರೆ ದೊಡ್ಡ ಊರೇ ಮೇಲೆ ಕೂರುತ್ತೆ. ಖರೀದಿಯನ್ನ ಭೇಟಿಯಿಂದ ಭಾಗಿಸಿ, ಆ ದರದ ಮೇಲೆ ಫಿಲ್ಟರ್ ಹಾಕಿ. ಕನಿಷ್ಠ ಭೇಟಿಗಳ ಷರತ್ತೂ ಸೇರಿಸಿ. ಇಲ್ಲದಿದ್ರೆ ಒಬ್ಬರೇ ಬಂದು ಒಂದೇ ವಸ್ತು ಕೊಂಡ ಊರು ನೂರಕ್ಕೆ ನೂರು ತೋರಿಸುತ್ತೆ.