ಪಹಣಿ ಕಂಪ್ಯೂಟರಿನ ಹಳದಿ, ಸೌರಫಲಕದ ಹಳದಿ

ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಪಹಣಿಯನ್ನು ಕೊನೆಗಾಣಿಸಿದ ‘ಭೂಮಿ’ ಯೋಜನೆಯು 2000ದ ಆಸುಪಾಸಿನಲ್ಲಿ ರಾಜ್ಯದ 177 ತಾಲ್ಲೂಕುಗಳನ್ನೂ ಒಳಗೊಂಡಾಗ, ದೊಡ್ಡೇರಿ ಹೋಬಳಿಯ ರೈತರು ಎಡತಾಕುವ ಮಧುಗಿರಿಯೂ ಸುತ್ತಲಿನ ಶಿರಾ, ಕೊರಟಗೆರೆ, ಪಾವಗಡಗಳೂ ಕಂಪ್ಯೂಟರ್ ಯುಗಕ್ಕೆ ಕಾಲಿಟ್ಟವು. ಆ ಕಾಲದ ಕಂಪ್ಯೂಟರ್ ಎಂದರೆ ಸಾಮಾನ್ಯವಾಗಿ ಕೆನೆಬಣ್ಣದ ಪ್ಲಾಸ್ಟಿಕ್ ಹೊದಿಕೆಯ ದಪ್ಪ ಮಾನಿಟರ್ ಮತ್ತು ಅದೇ ಬಣ್ಣದ ಕೀಲಿಮಣೆ. ಅಂಥ ಉಪಕರಣ ಇಂದು ಎಲ್ಲಿ ಉಳಿದಿದ್ದರೂ ಅದರ ಮೈ ಹಳದಿಗೆ ತಿರುಗಿರುವುದೇ ಹೆಚ್ಚು. ಇದನ್ನು ಧೂಳು ಅಥವಾ ಹೊಗೆಯ ಕಲೆಯೆಂದು ಭಾವಿಸುವುದುಂಟು. ಆದರೆ ಸೋಪಿನ ನೀರಿನಲ್ಲಿ ಉಜ್ಜಿದರೂ ಅದು ಹೋಗುವುದಿಲ್ಲ. ಬೆಳಕಿಗೆ ಒಡ್ಡಿಕೊಂಡಿದ್ದ ಹೊದಿಕೆಯಿಂದ ದಾಸ್ತಾನು ಸಂಖ್ಯೆಯ ಹಳೆಯ ಚೀಟಿಯನ್ನು ಕಿತ್ತರೆ, ಅದರ ಅಡಿಯಲ್ಲಿ ಮೂಲದ ಬಣ್ಣ ಚೌಕಾಕಾರವಾಗಿ ಉಳಿದಿರುವುದು ಕಾಣುತ್ತದೆ. ಬದಲಾಗಿರುವುದು ಪ್ಲಾಸ್ಟಿಕ್ಕಿನ ಮೇಲ್ಪದರವೇ.

ಈ ಹೊದಿಕೆಗಳಿಗೆ ಹೆಚ್ಚಾಗಿ ಬಳಕೆಯಾದದ್ದು ಎಬಿಎಸ್, ಅಂದರೆ ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರು ಘಟಕಗಳು ಕೂಡಿದ ಪ್ಲಾಸ್ಟಿಕ್. ಕೆಳಗೆ ಬಿದ್ದರೂ ಒಡೆಯದ ಗಟ್ಟಿತನವನ್ನು ಇದಕ್ಕೆ ಕೊಡುವುದು ರಬ್ಬರಿನ ಗುಣದ ಬ್ಯುಟಡೈಯೀನ್ ಅಂಶ. ಅದರಲ್ಲಿ ಉಳಿದಿರುವ ಇಂಗಾಲದ ಜೋಡಿಬಂಧಗಳೇ ಅದರ ದೌರ್ಬಲ್ಯವೂ ಹೌದು. ಬಿಸಿಲಿನ ನೇರಳಾತೀತ ಕಿರಣಗಳ ಒಂದು ಭಾಗವನ್ನು ಕಿಟಕಿಯ ಗಾಜು ತಡೆಯಲಾರದು, ಮತ್ತು ಆ ಕಿರಣ ಬಿದ್ದಾಗ ಜೋಡಿಬಂಧದ ಪಕ್ಕದ ಜಲಜನಕ ಕಳಚಿಕೊಂಡು, ತೆರವಾದ ಜಾಗಕ್ಕೆ ಗಾಳಿಯ ಆಮ್ಲಜನಕ ಸೇರುತ್ತದೆ. ಹೀಗೆ ಹುಟ್ಟುವ ಪೆರಾಕ್ಸೈಡುಗಳು ಒಡೆದು ಪಕ್ಕದ ಅಣುಸರಪಳಿಗಳನ್ನೂ ಕೆಣಕುತ್ತಾ ಹೋಗುತ್ತವೆ. ಕೊನೆಗೆ ಉಳಿಯುವ ಕೆಲವು ರಚನೆಗಳು ನೀಲಿ ಬೆಳಕನ್ನು ಹೀರುವುದರಿಂದ, ಮರಳಿ ಬರುವ ಬೆಳಕು ಕಣ್ಣಿಗೆ ಹಳದಿಯಾಗಿ ತೋರುತ್ತದೆ. ಶಾಖವೂ ಇದೇ ಕೆಲಸವನ್ನು ನಿಧಾನವಾಗಿ ಮಾಡುವುದರಿಂದ ಕತ್ತಲೆಯ ಗೋದಾಮಿನಲ್ಲಿಟ್ಟ ಯಂತ್ರವೂ ಪೂರ್ತಿ ಪಾರಾಗುವುದಿಲ್ಲ.

ಬೆಂಕಿ ಹತ್ತದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದ ಬ್ರೋಮಿನ್ ಸಂಯುಕ್ತಗಳನ್ನೇ ಏಕೈಕ ಕಾರಣವೆನ್ನುವ ವಿವರಣೆ ಬಹಳ ಪ್ರಚಾರದಲ್ಲಿದೆ. ಅವು ಬಣ್ಣಗೆಡಲು ಕುಮ್ಮಕ್ಕು ಕೊಡುವುದು ನಿಜವಾದರೂ, ಅವಿಲ್ಲದ ಎಬಿಎಸ್ ಕೂಡ ಹಳದಿಯಾಗುವುದರಿಂದ ಆ ವಿವರಣೆ ಅರ್ಧ ಸತ್ಯವಷ್ಟೇ. ಕೆಲವು ಹಳೆಯ ಕೀಲಿಮಣೆಗಳಲ್ಲಿ ಅಕ್ಷರದ ಕೀಲಿಗಳೆಲ್ಲ ಬೆಳ್ಳಗೆ ಉಳಿದು ಉದ್ದನೆಯ ಸ್ಪೇಸ್‌ಬಾರ್ ಮಾತ್ರ ಹಳದಿಯಾಗಿರುತ್ತದೆ. ಅಕ್ಷರಗಳಿಗೆ ಪಿಬಿಟಿ ಎಂಬ ಬೇರೆ ಪ್ಲಾಸ್ಟಿಕ್ಕನ್ನೂ ಸ್ಪೇಸ್‌ಬಾರಿಗೆ ಎಬಿಎಸ್ಸನ್ನೂ ಬಳಸಿದ್ದರ ಫಲವಿದು.

ಹಳೆಯ ಕಂಪ್ಯೂಟರುಗಳನ್ನು ಕಾಪಾಡುವ ಆಸಕ್ತರು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ, ನೇರಳಾತೀತ ಬೆಳಕಿಗೆ ಒಡ್ಡಿ ಬಿಳುಪನ್ನು ಮರಳಿಸುವ ವಿಧಾನವೊಂದು 2008ರಿಂದ ಪ್ರಚಾರಕ್ಕೆ ಬಂದಿದೆ. ಅದು ಬಣ್ಣ ಕೊಡುವ ರಚನೆಗಳನ್ನು ಒಡೆಯುತ್ತದೆಯೇ ಹೊರತು ತುಂಡಾದ ಸರಪಳಿಗಳನ್ನು ಬೆಸೆಯುವುದಿಲ್ಲ; ಮೈ ಬೆಳ್ಳಗಾದರೂ ಪೆಡಸುತನ ಹಾಗೆಯೇ ಉಳಿಯುತ್ತದೆ, ಹಳದಿಯೂ ಕೆಲವೊಮ್ಮೆ ಮರಳುತ್ತದೆ. ಹೀಗಾಗಿ ಬೆಳ್ಳಗಾದುದನ್ನು ದುರಸ್ತಿಯೆಂದು ಕರೆಯುವುದು ಸರಿಯಲ್ಲ.

ಕಂಪ್ಯೂಟರಿನಲ್ಲಿ ಅಂದಗೇಡಾಗಿ ಮುಗಿಯುವ ಈ ಬದಲಾವಣೆಯು ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಸೌರ ವಿದ್ಯುತ್ ಪಾರ್ಕಿನಲ್ಲಿ ಹೆಚ್ಚು ತೂಕದ ಪ್ರಶ್ನೆಯಾಗುತ್ತದೆ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಈ ಪಾರ್ಕಿನ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದಿರುವುದರಿಂದ ಒಡೆತನ ರೈತರದಾಗಿಯೇ ಉಳಿದಿದೆ, ಮತ್ತು ಅಲ್ಲಿನ ಪ್ಲಾಸ್ಟಿಕ್ ದಶಕಗಳ ಕಾಲ ಬಯಲುಸೀಮೆಯ ಬಿಸಿಲಿನಲ್ಲಿ ಬಾಳಬೇಕಾಗಿದೆ. ಸಾಮಾನ್ಯ ಸಿಲಿಕಾನ್ ಫಲಕದಲ್ಲಿ ಗಾಜನ್ನೂ ವಿದ್ಯುತ್ ಕೋಶಗಳನ್ನೂ ಅಂಟಿಸುವುದು ಇವಿಎ, ಅಂದರೆ ಎಥಿಲೀನ್ ಮತ್ತು ವಿನೈಲ್ ಅಸಿಟೇಟ್ ಸೇರಿದ ಪಾರದರ್ಶಕ ಪದರ. ಅದು ಹಾಳಾದಂತೆ ಹಳದಿಗಟ್ಟಿ ಬೆಳಕನ್ನು ತಡೆಯುವುದಲ್ಲದೆ, ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ಹೊರಬಿಟ್ಟು ಒಳಗಿನ ಲೋಹದ ಎಳೆಗಳನ್ನು ತಿನ್ನುತ್ತದೆ. ಕ್ಯಾಲಿಫೋರ್ನಿಯಾದ ಕರಿಸೋ ಬಯಲಿನಲ್ಲಿ 1980ರ ದಶಕದಲ್ಲಿ ಕಟ್ಟಿದ ಸ್ಥಾವರದಲ್ಲಿ ಕನ್ನಡಿಗಳಿಂದ ಹೆಚ್ಚುವರಿ ಬೆಳಕು ಬೀಳಿಸಿದ್ದ ಫಲಕಗಳ ಇವಿಎ ಕೆಲವೇ ವರ್ಷಗಳಲ್ಲಿ ಕಂದುಗಟ್ಟಿತು. ಆ ಪೆಟ್ಟಿನ ನಂತರವೇ ತಯಾರಕರು ಬೆರಕೆ ರಾಸಾಯನಿಕಗಳನ್ನು ಬದಲಿಸಿದರು. ವಿಶೇಷವೆಂದರೆ ಹೀಗೆ ಹಳದಿಯಾದ ಫಲಕಗಳಲ್ಲಿ ಕೋಶದ ನಡುಭಾಗ ಬಣ್ಣಗೆಟ್ಟಿದ್ದರೂ ಅಂಚುಗಳು ತಿಳಿಯಾಗಿರುತ್ತವೆ. ಹಿಂಬದಿಯ ಹಾಳೆಯ ಮೂಲಕ ಕೋಶಗಳ ಸಂದಿಗೆ ನುಸುಳುವ ಆಮ್ಲಜನಕ ಬೆಳಕಿನ ನೆರವಿನಿಂದ ಅಲ್ಲಿನ ಹಳದಿಯನ್ನು ಅಳಿಸಿರುತ್ತದೆ: ಎಬಿಎಸ್ಸನ್ನು ಕೆಡಿಸುವ ಆಮ್ಲಜನಕವೇ ಇಲ್ಲಿ ಬಿಳುಪು ಕೊಡುತ್ತದೆ. ಆದ್ದರಿಂದ ಫಲಕವನ್ನು ಪರೀಕ್ಷಿಸುವವರು ಅಂಚಿನ ಬಣ್ಣವನ್ನಲ್ಲ, ಕೋಶದ ನಡುಭಾಗವನ್ನೇ ನೋಡಬೇಕಾಗುತ್ತದೆ.