ಒದ್ದೆ ಬಟ್ಟೆಯ ವಿಜ್ಞಾನ

ಹಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮುತ್ತತ್ತಿಯಲ್ಲಿ ಚಿತ್ರೀಕರಣ ಮುಗಿಸಿ ಹಿಂದಿರುಗುತ್ತಿದ್ದೆವು. ಕಾಡಿನ ಏರುದಾರಿ ಹತ್ತಿ ಬಂದ ಹಳೆಯ ಬಾಡಿಗೆ ಕಾರನ್ನು ಸಾತನೂರಿನಲ್ಲಿ ನಿಲ್ಲಿಸಿ ಕಾಫಿ ಕುಡಿದೆವು. ಮತ್ತೆ ಹೊರಟರೆ ಎಂಜಿನ್ ಹಿಡಿಯಲೊಲ್ಲದು! ಸಂಜೆಯ ಸಂಕಲನಕ್ಕೆ ಕ್ಯಾಸೆಟ್ಟುಗಳು ಬೆಂಗಳೂರು ಸೇರಲೇಬೇಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು, ಬ್ಯಾಟರಿಯೂ ಸರಿಯಾಗಿತ್ತು. ಚಾಲಕರು ಹೋಟೆಲಿನಿಂದ ಒಂದು ಚೊಂಬು ನೀರು ತಂದು, ಬಟ್ಟೆ ನೆನೆಸಿ, ಎಂಜಿನ್ನಿನ ಪಕ್ಕದ ಎ.ಸಿ. ಪಂಪಿಗೆ ಸುತ್ತಿದರು. "ಕಾಲು ಗಂಟೆ ತಡೀರಿ ಸಾರ್" ಎಂದರು. ಅಷ್ಟೇ ಹೊತ್ತಿಗೆ ಕಾರು ಹೊರಟಿತು.

ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪಿಗೆ ಮೆಕ್ಯಾನಿಕ್ಕುಗಳು ಇಟ್ಟುಕೊಂಡ ಹೆಸರು ಎ.ಸಿ. ಪಂಪು. ತಂಪಿಗೂ ಅದಕ್ಕೂ ಸಂಬಂಧವಿಲ್ಲ.

ಪೆಟ್ರೋಲು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕುದಿಯುವುದಿಲ್ಲ. ಅದು ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗಿದರೆ, ಭಾರವಾದವು 200 ಡಿಗ್ರಿ ಸಮೀಪಿಸುವವರೆಗೂ ದ್ರವವಾಗಿಯೇ ಉಳಿಯುತ್ತವೆ. ಹಗುರ ಅಂಶಗಳನ್ನು ತೆಗೆದುಬಿಡೋಣವೆಂದರೆ ಚಳಿಯ ಬೆಳಗ್ಗೆ ಎಂಜಿನ್ ಏಳುವುದಿಲ್ಲ.

ಇನ್ನು ಪಂಪಿನ ಜಾಗ ನೋಡಿ. ಟ್ಯಾಂಕು ಹಿಂದೆ, ಪಂಪು ಮುಂದೆ, ಬಿಸಿ ಎಂಜಿನ್ನಿಗೆ ಅಂಟಿಕೊಂಡು. ಪಂಪು ಎಳೆಯುವಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಕಾರು ನಿಂತಾಗ ಫ್ಯಾನಿನ ಗಾಳಿಯೂ ನಿಂತು, ಎಂಜಿನ್ನಿನ ಕಾವೆಲ್ಲ ಪಂಪಿಗೆ ಏರುತ್ತದೆ. ಆಗ ಒಳಗೆ ಆವಿಯ ಗುಳ್ಳೆಗಳು ತುಂಬುತ್ತವೆ. ಪಂಪಿನ ಪೊರೆ ಆ ಗುಳ್ಳೆಗಳನ್ನೇ ಹಿಂಡಿ, ಬಿಟ್ಟು, ಹಿಂಡಿ ದಣಿಯುತ್ತದೆ. ಪೆಟ್ರೋಲು ಮುಂದೆ ಸಾಗದು. ಇದೇ ವೇಪರ್ ಲಾಕ್. ನಮ್ಮ ಕಾರು ಓಡುವಾಗ ಕೈಕೊಡದೆ ಕಾಫಿಯ ನಂತರ ಕೈಕೊಟ್ಟದ್ದು ಇದಕ್ಕೇ.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ರೂಪಿಸಿ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನದಲ್ಲೂ ಪೆಟ್ರೋಲು ಎಂಜಿನ್ನೇ ಇತ್ತು. ಇಂಥ ವಿಮಾನಗಳು ಮೇಲೇರಿದಂತೆ ಹೊರಗಿನ ಒತ್ತಡವೇ ಕುಗ್ಗುತ್ತದೆ. ಸುಮಾರು 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಅರ್ಧ. ಅಲ್ಲಿ ಒದ್ದೆ ಬಟ್ಟೆ ಸುತ್ತುವವರಾರು? ಆರಂಭದ ಎಷ್ಟೋ ವಿಮಾನಗಳಲ್ಲಿ ಟ್ಯಾಂಕನ್ನು ಎಂಜಿನ್ನಿಗಿಂತ ಎತ್ತರದಲ್ಲಿಟ್ಟು, ಪೆಟ್ರೋಲು ತಾನಾಗಿ ಇಳಿಯುವಂತೆ ಮಾಡಿದರು. ಮುಂದೆ ಟ್ಯಾಂಕಿನ ಬುಡದಲ್ಲೇ ಪಂಪು ಕೂರಿಸಿ, ಎಳೆಯುವ ಬದಲು ತಳ್ಳಿದರು. ವಿಮಾನದ ಪೆಟ್ರೋಲನ್ನೂ ಅಷ್ಟು ಸುಲಭವಾಗಿ ಆವಿಯಾಗದಂತೆ ತಯಾರಿಸುತ್ತಾರೆ.

ಇಂದಿನ ಕಾರುಗಳಲ್ಲೂ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಈ ಕಾಟ ಅಪರೂಪ. ಹಳೆಯ ಕಾರು ಇಟ್ಟುಕೊಂಡವರು ಪೆಟ್ರೋಲು ಕೊಳವೆ ಸೈಲೆನ್ಸರ್ ಪೈಪಿಗೆ ತಾಗದಂತೆ ನೋಡಿಕೊಳ್ಳಲಿ. ಕಾರು ನಿಂತುಹೋದರೆ ಬಾನೆಟ್ ಎತ್ತಿ, ಒದ್ದೆ ಬಟ್ಟೆ ಹಾಕಿ, ಕಾಯಿರಿ. ಆತುರಕ್ಕೆ ಬಿದ್ದು ಬಿಸಿ ಎಂಜಿನ್ನಿನ ಮೇಲೆ ಕೊಳವೆ ಬಿಚ್ಚಬೇಡಿ. ಒಳಗಿನ ಒತ್ತಡಕ್ಕೆ ಪೆಟ್ರೋಲು ಚಿಮ್ಮಿ ಬೆಂಕಿ ಹೊತ್ತಿಕೊಳ್ಳಬಹುದು.