ಬಸ್ಸಲ್ಲಿ ಹೇಳಿದ ಕಥೆ ನಿಮಗಿಂತ ಮೊದಲೇ ಪೇಟೆ ಸೇರುತ್ತೆ!

ಬೆಳಗಿನ ಎಂಟು ಗಂಟೆ ಬಸ್. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಮುಕ್ಕಾಲು ಗಂಟೆ ದಾರಿ. ಅಷ್ಟರಲ್ಲಿ ಒಬ್ಬರ ಮಗಳ ಸಂಬಂಧದ ಮಾತು, ಇನ್ನೊಬ್ಬರ ಸಂಘದ ಸಾಲದ ಕಂತು, ಮತ್ತೊಬ್ಬರ ಶುಗರ್ ಎಷ್ಟಿದೆ ಅನ್ನೋದು ಸುತ್ತಲಿನ ಸೀಟಿಗೆಲ್ಲ ಗೊತ್ತಾಗಿರುತ್ತೆ.

ಯಾಕೆ ಹೀಗೆ? ದೂರದ ಪ್ರಯಾಣದಲ್ಲಾದರೆ, ಪಕ್ಕದವರು ಮತ್ತೆ ಸಿಗಲ್ಲ ಅನ್ನೋ ಧೈರ್ಯಕ್ಕೆ ಜನ ಮನಸ್ಸು ಬಿಚ್ಚುತ್ತಾರೆ. ದಿನದ ಬಸ್ಸಲ್ಲಿ ಕಾರಣವೇ ಬೇರೆ. ಮುಖ ದಿನಾ ನೋಡಿದ್ದು. ಮನೇಲಿ ಕೇಳೋರಿಗೆ ಇಲ್ಲದ ಪುರುಸೊತ್ತು ಇಲ್ಲಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಓಡಾಟವೂ ಹೆಚ್ಚಿದೆ. ಬಸ್ ತುಂಬಿದಷ್ಟೂ ಕಿವಿಗಳು ಹತ್ತಿರ.

ತೊಂದರೆ ಇರೋದು ಇಳಿದ ಮೇಲೆ. ಹಿಂದಿನ ಸೀಟಿನವರು ವರನ ಕಡೆಯವರಿಗೆ ಬೇಕಾದವರಿರಬಹುದು, ಉದ್ರಿ ಕೊಡೋ ಅಂಗಡಿಯವರೇ ಇರಬಹುದು. ಒಂದು ಮಾತಿಗೆ ಸಂಬಂಧ ತಪ್ಪುತ್ತೆ, ಉದ್ರಿ ನಿಲ್ಲುತ್ತೆ.

ಹಾಗಂತ ಬಾಯಿ ಮುಚ್ಚಿ ಕೂರಬೇಕಿಲ್ಲ. ಹೇಳಿಕೊಂಡರೆ ಮನಸ್ಸು ಹಗುರ. ಊರು, ಹೆಸರು ಬಿಟ್ಟು ಹೇಳಿದರೆ ಸಾಕು. ಕೇಳಿಸಿಕೊಂಡವರು ಅದನ್ನು ಅಂಗಡಿ ಕಟ್ಟೆಗೆ ಒಯ್ಯಬೇಡಿ. ಮನೇಲಿ ಹೊಡೆತ ತಿನ್ನೋ ಹೆಣ್ಣುಮಗಳ ಕಥೆ ಕಿವಿಗೆ ಬಿದ್ದರೆ ಮಾತ್ರ ಸುಮ್ಮನಿರಬೇಡಿ. ಮಹಿಳಾ ಸಹಾಯವಾಣಿ ನಂಬರ್ 181 ಅಂತ ಇಳಿಯುವ ಮೊದಲು ಮೆಲ್ಲಗೆ ಅವರಿಗೆ ಹೇಳಿ.